ಹಿಂಬಾಗಿಲಿಂದ ಬಂದವಳು

"ಏಯ್, ಎತ್ತ ನುಗ್ತೀಯೇ? ನಿಮ್ಮಪ್ಪ ಕಟ್ಸಿದ ಬಾಗ್ಲೇನೇ ಇದು? ಹಿಂದ್ಗಡೆಯಿಂದ ಹೋಗು, ಮುಂಡೇದೆ!"

ಕಾವಲುಗಾರ ಬೈದದ್ದು ಕಚೇರಿಯ ಕಸ ಗುಡಿಸಿ ನೆಲ ಒರೆಸುವ ಬಕೆಟ್ಟಮ್ಮನ ಮಗಳನ್ನು. ಗುಮಾಸ್ತರ ಕೆಲಸದ ಸಂದರ್ಶನಕ್ಕೆಂದು ಹುಡುಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದಳು. ಆದರೆ ಅಮ್ಮನ ಸೆರಗು ಹಿಡಿದು ಇದೇ ಕಚೇರಿಗೆ ಬರುತ್ತಿದ್ದ ಮುಖವನ್ನು ಅವನು ಮರೆತಿರಲಿಲ್ಲ. ಅವಳು ಸುತ್ತು ಹಾಕಿ, ಪೊರಕೆ, ಫಿನಾಯಿಲ್ ಇಡುವ ಕೋಣೆ ದಾಟಿ ಒಳಗೆ ಬಂದಳು.

ಪಡಸಾಲೆ ಒರೆಸುತ್ತಿದ್ದ ಬಕೆಟ್ಟಮ್ಮ ಕಣ್ಣಲ್ಲೇ ಹರಸಿದಳು. ಕಚೇರಿಗೆಲ್ಲ ಅವಳು ಬಕೆಟ್ಟಮ್ಮನೇ. ಹೆತ್ತವರು ಇಟ್ಟ ಹೆಸರಿಗೆ ಸಂಬಳದ ದಿನ ಮಾತ್ರ ಜೀವ ಬರುತ್ತಿತ್ತು. ಮಂಡಿಗಳೆರಡೂ ಮುಷ್ಕರ ಹೂಡಿದ್ದವು. "ನೀನು ಬಿಟ್ರೆ ನಿನ್ ಮಗಳಿದ್ದಾಳಲ್ಲ" ಎಂದು ಮೇಸ್ತ್ರಿ ಆಗಲೇ ಪೊರಕೆಗೆ ವಾರಸುದಾರಳನ್ನು ಗೊತ್ತುಮಾಡಿದ್ದ. ಮಗಳಿಗೆ ಇವತ್ತು ಈ ಕೆಲಸ ಸಿಗಲೇಬೇಕಿತ್ತು.

ಸಂದರ್ಶನದ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ದೊಡ್ಡ ಸಾಹೇಬರು, ಪಕ್ಕದಲ್ಲಿ ತಲೆಯಾಡಿಸುವುದಕ್ಕೆಂದೇ ಇನ್ನೊಬ್ಬರು.

"ಯಾವ ಕಡೆಯಿಂದ ಬಂದ್ಯಮ್ಮ?" ಸಾಹೇಬರು ಎಲ್ಲರನ್ನೂ ಕೇಳಿದ್ದನ್ನೇ ಕೇಳಿದರು.

ಹುಡುಗಿ ದಾರಿಯ ವಿಚಾರವೆಂದುಕೊಂಡಳು. "ಹಿಂಬಾಗಿಲಿಂದ ಸಾರ್."

ಸಾಹೇಬರು ನೆಟ್ಟಗೆ ಕೂತರು. ಇಷ್ಟು ರಾಜಾರೋಷವಾಗಿ ಹೇಳಬೇಕಾದರೆ ಇವಳ ಹಿಂದಿರುವವರು ಸಣ್ಣ ಆಸಾಮಿಯಲ್ಲ.

"ಹಾಗೇ ಬಾ ಅಂತ ಅವರೇ ಹೇಳಿದ್ರಾ?"

"ಹೌದು ಸಾರ್. ಮುಂದ್ಗಡೆಯಿಂದ ಬರಲೇಬಾರದು ಅಂದ್ರು."

"ಸರಿಯಾಗೇ ಹೇಳಿದ್ದಾರೆ. ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ." ಏಕವಚನ ಬಹುವಚನವಾಯಿತು, ಚಹಾ ಬಂತು. "ಮನೇಲಿ ಯಾರ್ಯಾರಿದ್ದೀರಿ?"

"ನಾನು, ಅಮ್ಮ. ಅಮ್ಮ ಈ ಕಚೇರೀಲೇ ಇರೋದು ಸಾರ್."

"ಓಹೋ! ಯಾವ ವಿಭಾಗ?"

"ಎಲ್ಲಾ ವಿಭಾಗಾನೂ ಅವರೇ ನೋಡ್ಕೊಳ್ತಾರೆ."

"ಮೇಡಂ ಹೆಸರು?"

"ನೀವು ಬಕೆಟ್ಟಮ್ಮ ಅಂತೀರಲ್ಲ ಸಾರ್, ಅವರೇ."

ತಲೆಯಾಡಿಸುತ್ತಿದ್ದವರ ತಲೆ ನಿಂತಿತು. ಸಾಹೇಬರು ಚಹಾದ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಥೂ! ಕಸ ಗುಡಿಸೋಳ ಮಗಳಿಗೆ ಕುರ್ಚಿ ಬೇರೆ! ಏಳೇ ಮೇಲೆ. ನಿಮ್ಮಮ್ಮ ಪೊರಕೆ ಬಿಡ್ತಾಳಲ್ಲ, ಆಗ ಬಾ."

ಹುಡುಗಿ ಏಳಲಿಲ್ಲ. "ಕೆಲಸದ ಬಗ್ಗೆ ಒಂದು ಪ್ರಶ್ನೇನೂ ಕೇಳಿಲ್ವಲ್ಲ ಸಾರ್."

"ಊಟದ ಹೊತ್ತಾಯ್ತು, ಹೋಗೇ!" ಸಾಹೇಬರು ಎದ್ದರು.

ತನಗೆ ಬಿದ್ದ ಬೈಗುಳ ಎಷ್ಟನ್ನೋ ನುಂಗಿದ್ದ ಬಕೆಟ್ಟಮ್ಮನಿಗೆ ಮಗಳಿಗೆ ಬಿದ್ದದ್ದು ಗಂಟಲಲ್ಲಿ ಇಳಿಯಲಿಲ್ಲ. ಹೊಸ್ತಿಲಲ್ಲಿ ನಿಂತು ಬಕೆಟ್ಟನ್ನು ಪೂರ್ತಿ ಬಗ್ಗಿಸಿದಳು. ಸೋಪಿನ ನೀರು ನುಣುಪು ಕಲ್ಲಿನ ನೆಲದ ಮೇಲೆ ಹರಿದು ಮೇಜಿನ ಕಾಲು ಮುಟ್ಟಿತು. ಸಾಹೇಬರು ಒಂದು ಹೆಜ್ಜೆ ಇಟ್ಟು, ಜಾರಿ, ಮೇಜು ತಬ್ಬಿಕೊಂಡು ಮತ್ತೆ ಕುರ್ಚಿಗೆ ಬಿದ್ದರು.

"ಏನೇ ಮಾಡ್ದೆ, ಹಡಬೆ!"

"ನನ್ ಕೆಲಸ ಸಾಮಿ." ಬಕೆಟ್ಟಮ್ಮ ಬಾಗಿಲಿಗೆ ಅಡ್ಡವಾಗಿ, ಒರೆಸುವ ಬಟ್ಟೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. "ಯಾರೂ ಏಳ್ಬೇಡಿ, ಸೊಂಟ ಮುರಿಯುತ್ತೆ. ಒಣಗೋಕೆ ಬೇಜಾನ್ ಹೊತ್ತು ಬೇಕು. ಅಲ್ಲೀವರೆಗೆ ಕೇಳಿ, ಅವಳು ಹೇಳ್ತಾಳೆ."