ಐದನೇ ಮೆಟ್ಟಿಲಲ್ಲಿ ನಿಂತ ದ್ರಾಕ್ಷಾಯಣಿ

ಏಣಿಯ ಐದನೇ ಮೆಟ್ಟಿಲಲ್ಲಿ ದ್ರಾಕ್ಷಾಯಣಿ ನಿಂತುಬಿಟ್ಟಳು. ಮೇಲಕ್ಕೆ ಹತ್ತಲು ಶಕ್ತಿಯಿಲ್ಲ, ಕೆಳಕ್ಕಿಳಿಯಲು ಧೈರ್ಯವಿಲ್ಲ.

ಬಾಣಾವರದ ಪಕ್ಕದ ಊರಿನ ಆ ಮನೆಯ ಅಟ್ಟದಲ್ಲಿ ವರ್ಷದ ತೆಂಗಿನಕಾಯಿ ಒಣಗುತ್ತಿತ್ತು. ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ನಾಲ್ಕು ತಿಂಗಳಿಂದ, ಎಷ್ಟು ನಿದ್ದೆ ಮಾಡಿದರೂ ಸುಸ್ತು. ತಾನೇ ಸೋಮಾರಿಯಾದೆನೆಂದುಕೊಂಡು ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಗಂಡ ಕರಿಬಸವಯ್ಯ ಓಡಿಬಂದು ಇಳಿಸಿದ. ಅತ್ತೆ ಸುಮಿತ್ರಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು.

"ದೃಷ್ಟಿ ಕಣೋ! ಮೈ ತುಂಬ್ಕೊಂಡು ದುಂಡಗಾಗವ್ಳೆ. ಇವ್ಳಿಗೆಂಥ ಕಾಯ್ಲೆ?"

ಗದ್ದಲ ಕೇಳಿ ಆಶಾ ಕಾರ್ಯಕರ್ತೆ ಅರುಣಾ ಒಳಗೆ ಬಂದಳು.

"ಅಮ್ಮಾ, ಅಕ್ಕನ ಮುಖ ಊದೈತೆ, ನೋಡಿ. ಅಕ್ಕಾ, ಚಳಿ ಜಾಸ್ತಿ ಆಗ್ತೈತಾ? ಕೂದ್ಲು ಉದುರ್ತೈತಾ?"

"ಬೇಸಿಗೇಲೂ ಕಂಬ್ಳಿ ಬೇಕು ಕಣೇ. ನಿಂಗೆ ಹೆಂಗ್ ಗೊತ್ತಾಯ್ತು?"

"ಡಾಕ್ಟ್ರ ಹತ್ರ ಹೋಗಿ, ರಕ್ತ ಪರೀಕ್ಷೆ ಮಾಡ್ಸಿ."

"ನಮ್ಮನೇವ್ಳನ್ನ ನೋಡಿದ್ರೆ ನಮಗ್ ಗೊತ್ತಾಗಲ್ವೇನಮ್ಮ?" ಎಂದ ಕರಿಬಸವಯ್ಯ.

"ಕಾಯಿ ಅಲುಗಿಸಿದ್ರೆ ಗೊತ್ತಾಗ್ಬೋದು ಕಣಣ್ಣ. ಅಕ್ಕನ್ನ ಅಲುಗಿಸಿದ್ರೆ ಬಿದ್ದೇ ಹೋಗ್ತಾರೆ! ಮಾರ್ಕೆಟ್ನಲ್ಲಿ ಕುಯ್ದು ನೋಡ್ದೆ ಯಾರಾದ್ರೂ ಕೊಬ್ರಿ ಕೊಳ್ತಾರಾ?"

"ಅದಕ್ಕೆ ನನ್ನ ಹೆಂಡ್ತೀನ ಕುಯ್ಸು ಅಂತೀಯಾ?"

"ಎರಡು ಚಮಚ ರಕ್ತ ಸಾಕಣ್ಣೋ!"

ದ್ರಾಕ್ಷಾಯಣಿ ನಕ್ಕುಬಿಟ್ಟಳು. ಬಹಳ ದಿನಗಳ ಮೇಲೆ ಆ ಮನೆ ಕೇಳಿದ ನಗು ಅದು.

ಮಾರನೆಯ ದಿನ ಅರಸೀಕೆರೆಯ ಆಸ್ಪತ್ರೆಯಲ್ಲಿ ವೈದ್ಯೆ ಪರೀಕ್ಷಿಸಿ, ರಕ್ತ ತೆಗೆಸಿದರು. ಮತ್ತೆರಡು ದಿನ ಕಳೆದು ವರದಿ ಬಂತು. ವೈದ್ಯೆ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಕರಿಬಸವಯ್ಯ ಕುರ್ಚಿಯ ಕೈ ಬಿಗಿಯಾಗಿ ಹಿಡಿದ.

"ದೊಡ್ಡ ಕಾಯ್ಲೆನಾ ಮೇಡಂ?"

"ರಕ್ತಹೀನತೆ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಇವರ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಸೋಮಾರಿ ಆಗಿರೋದು ಅದು, ಇವರಲ್ಲ!"

ದ್ರಾಕ್ಷಾಯಣಿಯ ಕಣ್ಣು ತುಂಬಿತು.

"ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಒಂದು ಗಂಟೆ ಬಿಟ್ಟು ಕಾಫಿ. ನೀವಾಗೇ ನಿಲ್ಲಿಸಬಾರದು. ಎರಡು ತಿಂಗಳಿಗೆ ಮತ್ತೆ ಪರೀಕ್ಷೆ."

ಎರಡು ತಿಂಗಳಲ್ಲಿ ದ್ರಾಕ್ಷಾಯಣಿಯ ಮುಖದ ಊತ ಇಳಿಯಿತು, ಮಾತಿಗೆ ಮೊದಲಿನ ಚುರುಕು ಬಂತು. ಮರುಪರೀಕ್ಷೆಗೆ ಹೊರಟ ಬೆಳಿಗ್ಗೆ ಸುಮಿತ್ರಮ್ಮ ಬಾಗಿಲಿಗೆ ಅಡ್ಡ ನಿಂತರು.

"ಲೇ ದ್ರಾಕ್ಷಾಯಣಿ, ನಂಗೂ ಮೂರು ತಿಂಗ್ಳಿಂದ ಸುಸ್ತು ಕಣೇ. ಬಾಯಿ ಬೇರೆ ಒಣಗ್ತೈತೆ."

"ಮೊದ್ಲೇ ಹೇಳೋದಲ್ವಾ ಅತ್ತೆ?"

"ನಿಂಗೆ ದೃಷ್ಟಿ ಅಂದಿದ್ದೆ. ನಂಗೆ ಕಾಯ್ಲೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಈಗಿರೋ ಮುಖವೇ ಸಾಕು, ನಡೀರಿ ಬಸ್ಸಿಗೆ!"

"ಅಯ್ಯೋ, ಸೀರೆ ಉಟ್ಕೊಳ್ಳೋಕಾದ್ರೂ ಬಿಡೇ!"

ಓದುಗರೇ, ಎರಡು ವಾರವಾದರೂ ಬಿಡದ ಸುಸ್ತನ್ನು ವಯಸ್ಸೆಂದೋ, ಕೆಲಸದ ಭಾರವೆಂದೋ ತಳ್ಳಿಹಾಕಬೇಡಿ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕಾರಣ ಯಾವುದಾದರೂ ಇರಬಹುದು, ಪರೀಕ್ಷೆಯಿಲ್ಲದೆ ತಿಳಿಯದು. ಈ ಕಥೆ ಓದುವಾಗ ನಿಮ್ಮ ಮನೆಯ ಯಾರ ಮುಖ ನೆನಪಾಯಿತು? ನಾಳೆಯೇ ಅವರ ಜೊತೆ ವೈದ್ಯರಲ್ಲಿಗೆ ಹೊರಡಿ. ನೆನಪಾದದ್ದು ನಿಮ್ಮದೇ ಮುಖವಾದರೆ, ಇಂದೇ ಮನೆಯವರಿಗೆ ಹೇಳಿ.