ಬಾಗಿದ ಬೆನ್ನಿಗೆ ಬೇಕಾದಷ್ಟು ಹೊತ್ತು

ಮದುವೆಯ ಊಟ ಇನ್ನೂ ಕೇಕಿನವರೆಗೂ ಬಂದಿರಲಿಲ್ಲ, ಚಿಗುಸಾಳ ಕೆಲಸ ಆಗಲೇ ಮುಗಿದಿತ್ತು. ಜಪಾನಿನ ಒಕಾಯಾಮಾ ಊರಿನ ಒಂದು ಹೋಟೆಲಿನಲ್ಲಿ ಔತಣದ ಹಾಲ್‌ನ ಹಿಂದೆ ಮಡಚುವ ಕುರ್ಚಿಗಳನ್ನು ಪೇರಿಸಿಡುವ ಒಂದು ಕೋಣೆಯಿದೆ. ಅಲ್ಲೇ ಒಂದು ಮೇಜು, ಒಂದು ಕಂಪ್ಯೂಟರು, ಅವಳು. ಬೆಳಿಗ್ಗೆಯಿಂದ ತೆಗೆದ ವಿಡಿಯೊವನ್ನೆಲ್ಲ ಕತ್ತರಿಸಿ ಜೋಡಿಸಿ, ಅದೇ ಮಧ್ಯಾಹ್ನ ಔತಣ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಓಡಿಸಬೇಕು. ಒಂದು ಹಾಡಿನಷ್ಟು ಉದ್ದದ ಚಿತ್ರ. ಬಂದ ಪ್ರತಿಯೊಬ್ಬ ಅತಿಥಿಯ ಮುಖ, ಮುಖದ ಪಕ್ಕದಲ್ಲಿ ಹೆಸರು. ಒಬ್ಬರ ಹೆಸರನ್ನೂ ಬಿಡುವ ಹಾಗಿಲ್ಲ. ಒಬ್ಬರ ಮುಖಕ್ಕೆ ಇನ್ನೊಬ್ಬರ ಹೆಸರು ಬಂದರಂತೂ ಮದುಮಕ್ಕಳು ಮನೆ ಮನೆಗೆ ಹೋಗಿ ಕ್ಷಮೆ ಕೇಳುತ್ತ ತಿರುಗಬೇಕು.

ಬೇರೆ ಕಡೆ ಈ ಕೆಲಸಕ್ಕೆ ಇಬ್ಬರು ಕೂತು ಬೆವರು ಸುರಿಸುತ್ತಾರೆ. ಚಿಗುಸಾ ಒಬ್ಬಳೇ, ಅದೂ ಕಾಲು ಅಲ್ಲಾಡಿಸುತ್ತ, ಮುಗಿಸುತ್ತಿದ್ದಳು. ಏಕೆಂದರೆ ಅವಳ ಹತ್ತಿರ ವಾರಿಕಾನ್ ಇತ್ತು. ಗೆಳೆಯರು ಸೇರಿ ಕುಡಿದು ತಿಂದು ಕೊನೆಗೆ ಬಿಲ್ಲನ್ನು ತಲೆಗಿಷ್ಟು ಎಂದು ಸಮನಾಗಿ ಹಂಚಿಕೊಳ್ಳುತ್ತಾರಲ್ಲ, ಆ ವಾರಿಕಾನ್. ಎಡಿಟಿಂಗ್ ಸಾಫ್ಟ್‌ವೇರಿಗೆ ತಾನೇ ಬರೆದು ಸೇರಿಸಿಕೊಂಡಿದ್ದ ಪುಟ್ಟ ಸ್ಕ್ರಿಪ್ಟಿಗೆ ಅವಳು ಇಟ್ಟ ಹೆಸರು ಅದು. ತುಣುಕುಗಳನ್ನೆಲ್ಲ ಸಾಲಾಗಿ ಇಟ್ಟು ಒಂದು ಗುಂಡಿ ಒತ್ತಿದರೆ ಸಾಕು, ಹಾಡಿನ ಉದ್ದವನ್ನು ಅದು ಎಲ್ಲ ತುಣುಕುಗಳಿಗೂ ಸಮನಾಗಿ ಹಂಚುತ್ತದೆ. ಹೆಚ್ಚಾದದ್ದನ್ನು ಕತ್ತರಿಸುತ್ತದೆ, ಹೆಸರನ್ನು ಮುಖದ ಜೊತೆಗೇ ಹಿಡಿದುಕೊಂಡು ಹೋಗುತ್ತದೆ. ಆ ಗುಂಡಿ ಒತ್ತುವಾಗ ಚಿಗುಸಾಳಿಗೆ ಪ್ರತಿ ಸಲವೂ ಖುಷಿಯಾಗುತ್ತಿತ್ತು. ಇವತ್ತೂ ಎಂಬತ್ತು ತುಣುಕುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಮೂರು ಸೆಕೆಂಡಿಗೆ ಕೂತವು. ಅವಳು ಸಾಲ್ಮನ್ ಮೀನು ತುಂಬಿದ ಅನ್ನದ ಉಂಡೆಯ ಹೊದಿಕೆ ಬಿಚ್ಚಿದಳು.

ಆಗ ಸೆಗಾವಾ ಸಾನ್ ಕ್ಯಾಮರಾ ಹೆಗಲಿಗೇರಿಸಿಕೊಂಡು ಒಳಗೆ ಬಂದರು. ಟೇಪಿನ ಕಾಲದಿಂದ ಮದುವೆ ತೆಗೆಯುತ್ತಿರುವವರು, ಈ ಪುಟ್ಟ ಕಂಪನಿಯ ಯಜಮಾನರೂ ಅವರೇ. ಎಲ್ಲರಿಗೂ ಅವರು ಗೌರವದ 'ಸಾನ್', ಅವರಿಗೆ ಚಿಗುಸಾ ಸಲಿಗೆಯ 'ಚಾನ್'. ವಾರಿಕಾನ್ ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಅದನ್ನು ಅವರು ಹೆಸರಿನಿಂದ ಕರೆಯದೆ "ನಿನ್ನ ಚಾಕು" ಎನ್ನುತ್ತಿದ್ದರು. ಎಲ್ಲಿ, ಓಡಿಸು ನೋಡೋಣ ಎಂದರು. ಚಿಗುಸಾ ಗತ್ತಿನಿಂದಲೇ ಓಡಿಸಿದಳು. ಮುಕ್ಕಾಲು ಪಾಲು ಓಡುವವರೆಗೆ ಅವರು ತಲೆದೂಗುತ್ತಿದ್ದರು. ಆಮೇಲೆ ತೂಗುವುದನ್ನು ನಿಲ್ಲಿಸಿದರು.

"ಚಿಗುಸಾ ಚಾನ್, ಮದುಮಗಳ ಅಪ್ಪಂದು ಇನ್ನೊಂದ್ಸಲ ಹಾಕು."

ಅವಳು ಹಾಕಿದಳು. ಹೋಟೆಲಿನ ಉದ್ದನೆಯ ಓಣಿ. ಕಿಟಕಿಯ ಪಕ್ಕ ಮದುಮಗ ನೊಬುತೆರು. ಎದುರಿಗೆ ಬಂದು ನಿಂತ ಮದುಮಗಳ ಅಪ್ಪ, ಅಕಗಿ ಸಾನ್. ಅವರು ತಲೆಯನ್ನು ಚೂರು ಬಗ್ಗಿಸುತ್ತಾರೆ, ಅಷ್ಟೆ. ಮರುಕ್ಷಣ ಪರದೆಯ ಮೇಲೆ ಮದುಮಗನ ತಮ್ಮ ಸೀಗಡಿ ತಿನ್ನುತ್ತಿದ್ದಾನೆ.

"ದಾರೀಲಿ ಸಿಕ್ಕಿದ ಪೇಪರ್ ಹುಡುಗಂಗೆ ತಲೆ ಆಡಿಸ್ದಂಗಿದೆ," ಎಂದರು ಸೆಗಾವಾ ಸಾನ್. "ನಾನು ತೆಗ್ದಿದ್ದು ಇದಲ್ಲ."

ಎಂಬತ್ತು ತುಣುಕುಗಳ ನಡುವೆ ಆ ಒಂದನ್ನು ಚಿಗುಸಾ ಪೂರ್ತಿ ನೋಡಿಯೇ ಇರಲಿಲ್ಲ. ಮುಖವಿದೆಯೇ, ಹೆಸರಿದೆಯೇ ಎಂದು ನೋಡಿ ಸಾಲಿಗೆ ಸೇರಿಸಿದ್ದಳು. ಈಗ ಕತ್ತರಿಸುವ ಮೊದಲಿನ ತುಣುಕನ್ನು ತೆರೆದು ನೋಡಿದಳು.

ಅಕಗಿ ಸಾನ್ ಊರಿನ ಟ್ರಾಮ್ ಓಡಿಸುವವರು. ಎಷ್ಟೋ ವರ್ಷದಿಂದ ಒಂದು ದಿನವೂ ತಡಮಾಡಿ ನಿಲ್ದಾಣ ಮುಟ್ಟಿದವರಲ್ಲ. ಮಗಳು ಮಾಹೊ, ಒಂದು ಮದುವೆ ಮುರಿದುಕೊಂಡಿದ್ದ ನೊಬುತೆರುವನ್ನೇ ಕಟ್ಟಿಕೊಳ್ಳುತ್ತೇನೆ ಎಂದಾಗ ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಮಾತು ನಿಲ್ಲಿಸಿದರು. ಅಳಿಯನಾಗುವವನ ಜೊತೆ ನಿನ್ನೆಯವರೆಗೆ ಒಂದಕ್ಷರ ಆಡಿರಲಿಲ್ಲ. ಮದುವೆಗೆ ಬರುತ್ತೇನೆ ಎಂದದ್ದೇ ಹೆಚ್ಚು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದ ಮಾಹೊ ಕನ್ನಡಿಯೊಳಗಿಂದಲೇ ಚಿಗುಸಾಳನ್ನು ನೋಡಿ ಒಂದೇ ಒಂದು ಕೋರಿಕೆ ಇಟ್ಟಿದ್ದಳು. ಅಪ್ಪ ನೊಬುತೆರು ಕಡೆ ನೋಡಿ ಒಂದು ಸಲ ನಕ್ಕರೂ ಸಾಕು, ಅದನ್ನು ಕೊನೆಯ ಚಿತ್ರದಲ್ಲಿ ಹಾಕಿಬಿಡಿ. ನಗದಿದ್ದರೆ ಬೇಡ, ಸಿಟ್ಟಿನ ಮುಖ ಮಾತ್ರ ಬೇಡ. ಹೇಳುವಾಗ ಅವಳೇ ನಕ್ಕಿದ್ದಳು, ಆದರೆ ಕಣ್ಣಂಚಿನ ಕಾಡಿಗೆ ಎರಡನೇ ಸಲ ತೀಡಬೇಕಾಗಿ ಬಂದಿತ್ತು.

ಈಗ ತೆರೆಯ ಮೇಲೆ ಅದೇ ಅಪ್ಪ ಎರಡು ಕೈಯನ್ನೂ ಪ್ಯಾಂಟಿನ ಹೊಲಿಗೆಗೆ ಒತ್ತಿ ನಿಂತಿದ್ದರು. ಸೊಂಟದಿಂದ ಬಾಗಿದರು. ಬಾಗಿದವರು ಮೇಲೆ ಏಳಲೇ ಇಲ್ಲ. ನೊಬುತೆರು ಗಾಬರಿಬಿದ್ದು ತಾನೂ ಬಾಗಿದ. ಸಾಕಾಯಿತೇನೋ ಎಂದು ಅರ್ಧ ಎದ್ದು ನೋಡಿದರೆ ಮಾವ ಇನ್ನೂ ಕೆಳಗೇ ಇದ್ದಾರೆ. ಮತ್ತೆ ದಡಕ್ಕನೆ ಬಾಗಿದ, ಈ ಸಲ ಹಣೆ ಮೊಣಕಾಲಿಗೆ ತಾಗುವಂತೆ. ಓಣಿಯಲ್ಲಿ ಒಂದು ತಳ್ಳುಗಾಡಿ ಬಂದು, ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಆಮೇಲೆ ಅಕಗಿ ಸಾನ್ ನೆಟ್ಟಗಾದರು. ಹದಿನಾಲ್ಕು ಸೆಕೆಂಡು.

ಬಾಗಿದ್ದು ಎಷ್ಟು ಹೊತ್ತು ಎಂಬುದರಲ್ಲೇ ಎಲ್ಲ ಇದೆ. ಅಂಗಡಿಯವನು ಗಿರಾಕಿಗೆ ಬಾಗುವುದು ಒಂದು ಅಳತೆ, ತಪ್ಪು ಮಾಡಿದವನು ಬಾಗುವುದು ಇನ್ನೊಂದು. ಮಗಳನ್ನು ಒಪ್ಪಿಸುವವನ ಅಳತೆ ಇದು. ಹಾಡಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಪರದೆಯಲ್ಲಿ ಉಳಿಯುವುದು ಆ ಬೆನ್ನೊಂದೇ. ಅದನ್ನು ಮೂರು ಸೆಕೆಂಡಿಗೆ ಕತ್ತರಿಸಿದರೆ ಅಪ್ಪ ಅಳಿಯನಿಗೆ ತಲೆ ಆಡಿಸಿ ಹೋದ ಹಾಗಾಗುತ್ತದೆ. ಬಾಗದೇ ಇದ್ದಿದ್ದರೇ ಅದಕ್ಕಿಂತ ಮೇಲು.

ಇದನ್ನು ತೋರಿಸಬಹುದೇ, ಅವರು ಗುಟ್ಟಾಗಿ ಮಾಡಿದ್ದಲ್ಲವೇ ಎಂದು ಚಿಗುಸಾ ಕೇಳಿದಳು. ಬಾಗುವ ಮುಂಚೆ ಅವರು ಕ್ಯಾಮರಾ ನೋಡಿದ್ದರು, ನೋಡಿಯೂ ಬಾಗಿದರು ಎಂದರು ಸೆಗಾವಾ ಸಾನ್. ಮಾಹೊಗೆ ಮಾತ್ರ ಗೊತ್ತಿಲ್ಲ. ಆಗ ಅವಳು ಒಳಗೆ ಉಡುಪು ಬಿಗಿಸಿಕೊಳ್ಳುತ್ತಿದ್ದಳು.

ಹಾಗಿದ್ದರೆ ಇನ್ನು ಯೋಚಿಸುವುದೇನಿದೆ? ಅವಳು ತುಣುಕನ್ನು ಪೂರ್ತಿ ಉದ್ದಕ್ಕೆ ಎಳೆದಳು. ಸಾಲಿನ ಕೊನೆಯವರು ಹಾಡು ಮುಗಿದ ಮೇಲಿನ ಮೌನಕ್ಕೆ ಜಾರಿಬಿದ್ದರು, ಅದರಲ್ಲಿ ಇಬ್ಬರು ಅಜ್ಜಿಯರೂ ಸೇರಿದ್ದರು. ವಾರಿಕಾನ್ ಒತ್ತಿದಳು. ಅದು ಎಲ್ಲರನ್ನೂ ಸಮ ಮಾಡಿ, ಅಕಗಿ ಸಾನ್ ಅವರ ಬೆನ್ನನ್ನು ಮತ್ತೆ ಮೂರು ಸೆಕೆಂಡಿಗೆ ತಂದಿಟ್ಟಿತು. ಕೈಯಲ್ಲೇ ಒಂದೊಂದಾಗಿ ಸರಿಸೋಣವೆಂದರೆ ಎಂಬತ್ತು ತುಣುಕು, ಎಂಬತ್ತು ಹೆಸರು. ಅಷ್ಟರಲ್ಲಿ ಈ ಮದುವೆ ಮುಗಿದು ಮುಂದಿನ ಮದುವೆಯವರು ಬಂದು ಕೂತಿರುತ್ತಾರೆ. ಹಾಲ್‌ನಲ್ಲಿ ಕೇಕ್ ಕತ್ತರಿಸಿದ ಚಪ್ಪಾಳೆ ಕೇಳಿಸಿತು. ಇನ್ನು ಹೆತ್ತವರಿಗೆ ಹೂಗುಚ್ಛ ಕೊಡುವುದು, ಮದುಮಗನ ನಾಲ್ಕು ಮಾತು, ಆಮೇಲೆ ಇದೇ.

ಸೆಗಾವಾ ಸಾನ್ ಒಂದು ಮಡಚುವ ಕುರ್ಚಿ ಎಳೆದುಕೊಂಡು ಕೂತರು.

"ಶುಕ್ರವಾರ ಕುಡಿಯೋಕೆ ಹೋಗ್ತೀವಲ್ಲ, ನೀನು ನನ್ನಷ್ಟೇ ಕೊಡ್ತೀಯಾ?"

"ಎಲ್ಲಿ! ನೀವು ಜಾಸ್ತಿ ಕೊಡ್ತೀರಿ. ನಾನು ಚಿಲ್ಲರೆ ಹಾಕ್ತೀನಿ."

"ಯಾಕೆ?"

"ನೀವು ದೊಡ್ಡೋರು, ಅದಕ್ಕೆ."

"ಮತ್ತೆ ನಿನ್ನ ಚಾಕುಗೆ ಯಾಕೆ ಅಷ್ಟು ಮರ್ಯಾದೆ ಹೇಳ್ಕೊಟ್ಟಿಲ್ಲ?"

ಚಿಗುಸಾ ಅವರ ಮುಖ ನೋಡಿದಳು, ಆಮೇಲೆ ತೆರೆ ನೋಡಿದಳು, ಆಮೇಲೆ ಕೈಯಲ್ಲಿದ್ದ ಉಂಡೆಯನ್ನು ಸೆಗಾವಾ ಸಾನ್ ಅವರ ಮಡಿಲಿಗೇ ಎಸೆದು ಕೀಲಿಮಣೆಯ ಮೇಲೆ ಬಿದ್ದಳು. ಹನ್ನೊಂದು ಸೆಕೆಂಡು ಬೇಕು, ಅಷ್ಟೇ ತಾನೇ! ಒಬ್ಬೊಬ್ಬರಿಂದ ಕಣ್ಣಿಗೆ ಕಾಣದಷ್ಟು, ನಾಲ್ಕೈದು ಫ್ರೇಮು ತೆಗೆದುಕೊಂಡರೆ ಆಯಿತು. ಅದನ್ನೂ ಸಮನಾಗಿ ಏಕೆ? ಹೆಸರುಗಳು ಮೊದಲೇ ಮರ್ಯಾದೆಯ ಸಾಲಿನಲ್ಲಿ ಕೂತಿವೆ. ಮುಂದೆ ಕಂಪನಿಯ ದೊಡ್ಡವರು, ಆಮೇಲೆ ಗೆಳೆಯರು, ಆಮೇಲೆ ನೆಂಟರು, ಕೊನೆಗೆ ಮನೆಯವರು. ದೊಡ್ಡವರು ಹೆಚ್ಚು ಕೊಡಲಿ, ಗೆಳೆಯರು ಸ್ವಲ್ಪ ಕಮ್ಮಿ, ನೆಂಟರು ಕೈಲಾದಷ್ಟು. ಅಜ್ಜಿಯರು, ಮಕ್ಕಳು ಏನೂ ಕೊಡಬೇಕಾಗಿಲ್ಲ. ಅವಳ ಬೆರಳುಗಳು ಓಡುತ್ತಿದ್ದವು, ಕಿವಿ ಬಿಸಿಯಾಗಿತ್ತು. ಇಷ್ಟು ಖುಷಿ ಅವಳಿಗೆ ಆ ಸ್ಕ್ರಿಪ್ಟನ್ನು ಮೊದಲ ಸಲ ಬರೆದಾಗಲೂ ಆಗಿರಲಿಲ್ಲ.

ಗುಂಡಿ ಒತ್ತಿದಳು. ಓಡಿಸಿದರೆ ಮದುಮಗನ ಕಂಪನಿಯ ವಿಭಾಗ ಮುಖ್ಯಸ್ಥರು ಬಿಯರ್ ಲೋಟ ಎತ್ತಿ ಹಲ್ಲು ಕಿರಿದರು. ಕಿರಿಯುತ್ತಲೇ ಇದ್ದರು. ಲೋಟದ ನೊರೆ ಇಳಿಯುವುದು ಕಂಡಿತು. ಕಳೆಯಬೇಕಾದಲ್ಲಿ ಅವಳು ಕೂಡಿದ್ದಳು! ಸ್ನಾನದ ತೊಟ್ಟಿ ಮಾರುವ ಕಂಪನಿಯ ಆ ಮಹಾಶಯರಿಗೆ ಅಷ್ಟು ಹೊತ್ತು ಪರದೆ ಸಿಕ್ಕಿದ್ದರೆ ಸ್ವರ್ಗವೇ ಸಿಕ್ಕಂತಾಗುತ್ತಿತ್ತು. ಸೆಗಾವಾ ಸಾನ್ ಉಂಡೆ ತಿನ್ನುತ್ತಿದ್ದವರು ನಗು ತಡೆಯಲಾರದೆ ಅನ್ನ ನೆತ್ತಿಗೇರಿಸಿಕೊಂಡರು.

ಅದೇ ಹೊತ್ತಿಗೆ ಹಾಲ್‌ನಲ್ಲಿ ಅದೇ ಮಹಾಶಯರು, ಕುಡಿದ ಖುಷಿಯಲ್ಲಿ, ಇನ್ನೊಂದು ಮಾತಿದೆ ಎಂದು ಮೈಕ್ ಕಿತ್ತುಕೊಂಡರು. ಮೊದಲೊಂದು ಭಾಷಣ ಆಗಿತ್ತು, ಅದರಲ್ಲಿ ಎಲ್ಲರ ಸೂಪು ತಣ್ಣಗಾಗಿತ್ತು. ಈಗ ಎರಡನೆಯದು. ಇಡೀ ಹಾಲ್ ಒಳಗೊಳಗೇ ನರಳಿತು. ಕುರ್ಚಿ ಕೋಣೆಯಲ್ಲಿ ಮಾತ್ರ ಇಬ್ಬರು, ಇನ್ನೂ ಮಾತಾಡಲಿ, ಇನ್ನೂ ಮಾತಾಡಲಿ ಎಂದು ಮನಸಾರೆ ಹರಸಿದರು.

ಚಿಗುಸಾ ಚಿಹ್ನೆ ತಿದ್ದಿ ಮತ್ತೆ ಒತ್ತಿದಳು. ಈ ಸಲ ಉಳಿದ ತುಣುಕುಗಳೆಲ್ಲ ಒಮ್ಮೆಗೇ ಚೂರು ಚೂರು ಒತ್ತಿಕೊಂಡು ಕೂತವು, ಟ್ರಾಮಿನಲ್ಲಿ ವಯಸ್ಸಾದವರು ಹತ್ತಿದಾಗ ಬೆಂಚಿನಲ್ಲಿ ಕೂತವರು ಸರಿದು ಜಾಗ ಮಾಡುತ್ತಾರಲ್ಲ, ಹಾಗೆ. ನಡುವೆ ತೆರವಾದ ಜಾಗದಲ್ಲಿ ಅಕಗಿ ಸಾನ್ ತಮ್ಮ ಪೂರ್ತಿ ಹೊತ್ತಿನೊಡನೆ ಬಂದು ನಿಂತರು. ಹಾಡು ಮುಗಿಯುವಲ್ಲಿಯೇ ಚಿತ್ರವೂ ಮುಗಿಯಿತು. ಎಲ್ಲ ಹೆಸರೂ ಅವರವರ ಮುಖದ ಪಕ್ಕದಲ್ಲೇ ಇತ್ತು.

ಇನ್ನು ಅದನ್ನೆಲ್ಲ ಒಂದೇ ಕಡತ ಮಾಡಿ ಹೊರತೆಗೆಯಬೇಕು. ಹಸಿರು ಪಟ್ಟಿ ಆಮೆಯಂತೆ ತೆವಳಿತು. ಹಾಲ್‌ನಲ್ಲಿ ವಿಭಾಗ ಮುಖ್ಯಸ್ಥರ ಮಾತು ಮುಗಿದು, ಹೂಗುಚ್ಛ ಕೊಟ್ಟಾಗಿ, ಮದುಮಗನ ದನಿ ಕೇಳಿಸುತ್ತಿತ್ತು. ಪಟ್ಟಿ ತುಂಬಿತು. ಚಿಗುಸಾ ಪೆನ್‌ಡ್ರೈವ್ ಕಿತ್ತುಕೊಂಡು ಓಡಿದಳು. ಅಡುಗೆಮನೆಯ ಓಣಿ, ತಟ್ಟೆಗಳ ಗೋಪುರ ಹೊತ್ತ ಹುಡುಗಿ, ಒದ್ದೆ ನೆಲ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಎಲ್ಲರ ಮೊಣಕೈ ಕೆಳಗಿಂದ ನುಗ್ಗಿ ಪ್ರೊಜೆಕ್ಟರಿನವನ ಅಂಗೈಯಲ್ಲಿ ಅದನ್ನಿಟ್ಟಳು. ಅವನು ಸಿಕ್ಕಿಸಿದ. ದೀಪ ಆರಿತು.

ಅವಳು ಏದುಸಿರು ಬಿಡುತ್ತ ಮುಂದಿನ ಓಣಿಗೆ ಸುತ್ತಿ ಬಂದಳು. ಮದುಮಕ್ಕಳೂ ಇಬ್ಬರ ಹೆತ್ತವರೂ ಅತಿಥಿಗಳನ್ನು ಬೀಳ್ಕೊಡಲು ಹಾಲ್‌ನಿಂದ ಹೊರಬಂದು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದರು. ಬಾಗಿಲನ್ನು ಒಂದು ಗೇಣು ತೆರೆದಿಟ್ಟಿದ್ದರು, ಎಲ್ಲರೂ ಆ ಸಂದಿಯಿಂದಲೇ ಪರದೆ ನೋಡುತ್ತಿದ್ದರು. ಸೆಗಾವಾ ಸಾನ್ ಮೊದಲೇ ಅಲ್ಲಿಗೆ ಬಂದು ಕ್ಯಾಮರಾ ಹಿಡಿದಿದ್ದರು.

ವಿಭಾಗ ಮುಖ್ಯಸ್ಥರು ಹಲ್ಲು ಕಿರಿದು ಮಾಯವಾದರು. ಗೆಳತಿಯರು ಚಕಚಕನೆ ಬಂದು ಹೋದರು. ಯಾರಿಗೂ ತಮ್ಮಿಂದ ಏನನ್ನೋ ತೆಗೆದುಕೊಂಡಿದ್ದಾರೆಂದು ತಿಳಿಯಲಿಲ್ಲ. ಆಮೇಲೆ ಓಣಿ ಬಂತು, ಕಿಟಕಿ ಬಂತು, ಕೈಯನ್ನು ಹೊಲಿಗೆಗೆ ಒತ್ತಿ ನಿಂತ ಅಪ್ಪ ಬಂದರು.

ಮಾಹೊ ಗಂಡನ ತೋಳು ಹಿಡಿದಳು. ಬೆನ್ನು ಬಾಗಿತು. ಹಾಲ್‌ನೊಳಗಿನ ಗುಸುಗುಸು ಮೊದಲು ಮುಂದುವರಿಯಿತು, ಆಮೇಲೆ ತೆಳುವಾಯಿತು, ಆಮೇಲೆ ನಿಂತಿತು. ಬೆನ್ನು ಮಾತ್ರ ಏಳಲಿಲ್ಲ. ನೊಬುತೆರು ಅರ್ಧ ಎದ್ದು ಮತ್ತೆ ಬಾಗಿದಾಗ ಯಾರೋ ನಕ್ಕರು, ನಕ್ಕವರೇ ಮೂಗು ಎಳೆದುಕೊಂಡರು.

"ಯಾವಾಗ?" ಎಂದಳು ಮಾಹೊ, ಗಂಡನಿಗೆ.

"ಬೆಳಿಗ್ಗೆ. ಹೇಳ್ಬೇಡ ಅಂದ್ರು."

ಅವಳು ಪಕ್ಕಕ್ಕೆ ತಿರುಗಿ ಅಪ್ಪನನ್ನು ನೋಡಿದಳು. ಅಕಗಿ ಸಾನ್ ಚಾವಣಿಯ ದೀಪ ನೋಡುತ್ತಿದ್ದರು.

"ಹಾಡು ಮುಗೀತಾ ಬಂತು," ಎಂದರು. "ಜನ ಬರ್ತಾರೆ. ನೆಟ್ಟಗೆ ನಿಂತ್ಕೊ."

ಅವಳು ನೆಟ್ಟಗೆ ನಿಲ್ಲಲಿಲ್ಲ. ಅಷ್ಟು ಭಾರದ ಉಡುಪು, ಅಷ್ಟು ಹೂವು ಮುಡಿದ ತಲೆ, ಎಲ್ಲವನ್ನೂ ಹೊತ್ತುಕೊಂಡು ಅಪ್ಪನ ಎದುರಿಗೆ ಬಾಗಿದಳು. ಬಾಗಿದವಳು ಏಳಲಿಲ್ಲ. ಒಂದು ದಿನವೂ ತಡಮಾಡದ ಟ್ರಾಮಿನ ಅಕಗಿ ಸಾನ್ ಏನು ಮಾಡಬೇಕೆಂದು ತೋಚದೆ ಸುತ್ತ ನೋಡಿದರು. ಆಮೇಲೆ ತಾವೂ ಬಾಗಿದರು.

ಅಷ್ಟರಲ್ಲಿ ಹಾಡು ಮುಗಿದು ಎರಡೂ ಬಾಗಿಲು ತೆರೆದವು, ಉಡುಗೊರೆಯ ಚೀಲ ಹಿಡಿದ ಅತಿಥಿಗಳು ಹೊರಗೆ ಬಂದರು. ಚಿಗುಸಾಳ ಬೆರಳು ಅಭ್ಯಾಸಬಲದಿಂದ ತೊಡೆಯ ಮೇಲೆ ಸೆಕೆಂಡು ಎಣಿಸಲು ಹೊರಟಿತ್ತು. ಅವಳು ಮುಷ್ಟಿ ಕಟ್ಟಿದಳು. ಬಾಗಿದ ಎರಡು ತಲೆಗಳನ್ನು ಕಂಡು ಸಾಲು ತಟ್ಟನೆ ನಿಂತಿತು. ಯಾರೂ ತಳ್ಳಲಿಲ್ಲ, ಯಾರೂ ಕೆಮ್ಮಲಿಲ್ಲ. ಅಷ್ಟೂ ಜನ ಚೀಲ ಹಿಡಿದುಕೊಂಡು, ಯಾರೂ ಕೇಳದೆಯೇ, ತಂತಮ್ಮ ಪಾಲಿನ ಹೊತ್ತು ಕೊಟ್ಟು ನಿಂತರು. ಎಲ್ಲರಿಗಿಂತ ಮುಂದೆ, ಬಾಯಿ ಬಿಗಿಹಿಡಿದು, ಸ್ನಾನದ ತೊಟ್ಟಿ ಕಂಪನಿಯ ವಿಭಾಗ ಮುಖ್ಯಸ್ಥರು ನಿಂತಿದ್ದರು.