ಗುಟ್ಟಿನ ರಿಜಿಸ್ಟರು

ನಮ್ಮ ಆಸ್ಪತ್ರೆ ಅಂದರೆ ಮೂಡಿಗೆರೆ ಪೇಟೆಯಲ್ಲಿ ಮೂರು ಕೋಣೆ, ಒಂದು ಜಗಲಿ, ಅಷ್ಟೆ. ಡಾಕ್ಟರ್ ಪರಮೇಶ್ವರಪ್ಪನವರದು. ನಾನು ನರ್ಸು, ವಿಮಲಮ್ಮ. ಆ ಜಗಲಿಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಡಾಕ್ಟರು ಒಳಗಿನ ಕುರ್ಚಿಯಿಂದಲೇ "ಏನು ಗಿಡ್ಡಪ್ಪ, ಭೇದಿ ಕಮ್ಮಿ ಆಯ್ತಾ?" ಎಂದು ಕೂಗುವರು, ಗಿಡ್ಡಪ್ಪ ಬೆಂಚಿನಿಂದಲೇ ಉತ್ತರ ಕೂಗುವನು, ಬಾಳೂರಿನಿಂದ ಜೀಪಿನಲ್ಲಿ ಬಂದವರೆಲ್ಲ ನಗುವರು. ಯಾರಿಗೆ ಏನು ಕಾಯಿಲೆ ಎಂದು ಯಾರು ಕೇಳಿದರೂ ನಾನು ಹೇಳಿಬಿಡುತ್ತಿದ್ದೆ. ಹೇಳದಿದ್ದರೆ ಕೊಬ್ಬು ಅನ್ನುತ್ತಿದ್ದರು.

ಬೇಡದ ಬಸಿರು ತೆಗೆಸಲು ಬರುವ ಹೆಂಗಸರೂ ಅದೇ ಬೆಂಚಿನ ಮೇಲೆ ಕೂರುತ್ತಿದ್ದರು. ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿ ಮೂರ್ನಾಲ್ಕು ವರ್ಷವಾಗಿತ್ತು, ನಮಗೆ ಪರವಾನಗಿಯೂ ಇತ್ತು. ಬಂದವಳು ಹೊಟ್ಟೆನೋವು ಅನ್ನುತ್ತಿದ್ದಳು. ನಾನು ಮುಖ ನೋಡಿ ಅರ್ಥ ಮಾಡಿಕೊಂಡು, ಎಲ್ಲ ರೋಗಿಗಳ ಪುಸ್ತಕದಲ್ಲೇ ಹೊಟ್ಟೆನೋವು ಎಂದು ಬರೆದು, ಊರಿನ ಹೆಸರಷ್ಟೇ ಹಾಕುತ್ತಿದ್ದೆ. ಕೆಮ್ಮಿನವರ, ಜ್ವರದವರ ಮಧ್ಯೆ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಪ್ಪತ್ತಾರರಲ್ಲಿ ಹೊಸ ನಿಯಮದ ಕಾಗದ ನಮ್ಮ ಕೈಗೆ ಬಂತು. ಇಂಥವರಿಗೆ ಬೇರೆಯೇ ರಿಜಿಸ್ಟರು. ಅದರಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ವಿಳಾಸ, ಎಲ್ಲ ನಿಜ ಬರೆಯಬೇಕು. ಅದು ಗುಟ್ಟಿನ ದಾಖಲೆ, ಅದರಲ್ಲಿದ್ದದ್ದನ್ನು ಹೊರಗೆ ಹೇಳಕೂಡದು. ಓದಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೆಣ್ಣಿನ ಮಾನ ಕಾಯಲು ಸರ್ಕಾರವೇ ನಿಂತಿದೆ ಅಂದುಕೊಂಡೆ. ಚಿಕ್ಕಮಗಳೂರಿನಿಂದ ಕಬ್ಬಿಣದ ಬೀರು ತರಿಸಿದೆ. ಪಕ್ಕದ ಕೋಣೆಗೆ ನೀಲಿ ಪರದೆ ಹಾಕಿಸಿದೆ. ಬೀಗದ ಕೈ ನನ್ನ ಸೊಂಟ ಸೇರಿತು. ಪರದೆ ಹಾಕಿ ಎಂದು ಯಾವ ನಿಯಮವೂ ಕೇಳಿರಲಿಲ್ಲ, ಅದು ನನ್ನದೇ ಜಾಣತನ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತಿಂಗಳೊಪ್ಪತ್ತಿನಲ್ಲಿ ಇಡೀ ಪೇಟೆಗೆ ಗೊತ್ತಾಯಿತು, ಪರದೆಯ ಹಿಂದೆ ಹೋದವಳು ಯಾತಕ್ಕೆ ಹೋದಳು ಎಂದು. ಆಮೇಲೆ ಬರೀ ನೆಗಡಿಯ ಹೆಂಗಸರೂ ನಮ್ಮ ಮೆಟ್ಟಿಲು ಹತ್ತಲು ಹೆದರಿದರು. ತುಂಬಿರುತ್ತಿದ್ದ ಜಗಲಿಯಲ್ಲಿ ಇಬ್ಬರು ಮೂವರು ಗಂಡಸರು ಉಳಿದರು. ಹೀಗೇ ಆದರೆ ದೀಪಾವಳಿಗೆ ಬಾಗಿಲು ಹಾಕಬೇಕಾಗುತ್ತದೆ, ಆ ಪರದೆ ಕಿತ್ತುಬಿಡಿ ಎಂದರು ಡಾಕ್ಟರು. ನಾನು ಕೀಳಲಿಲ್ಲ. ಕಾನೂನು ಎಂದರೆ ಆಟವೇ, ಜನಕ್ಕೆ ರೂಢಿಯಾಗುತ್ತದೆ ಎಂದು ಅವರ ಮೇಲೆಯೇ ರೇಗಿದೆ.

ಕರೀಮುನ್ನೀಸಾ ಬಂದದ್ದು ಆಗ. ಕಾಫಿ ಬೀಜ ಆರಿಸುವ ಶೆಡ್ಡಿನಲ್ಲಿ ಕೂಲಿ ಮಾಡುವವಳು. ಗಂಡ ಲಾರಿ ಉರುಳಿ ಸತ್ತು ಎರಡು ವರ್ಷವಾಗಿತ್ತು. ತಾಯಿ ರೌಶನ್ ಬೀ, ಆರು ವರ್ಷದ ಮಗಳು ಜೊಹರಾ, ಇಷ್ಟೇ ಸಂಸಾರ. ಬೆಂಚಿನ ತುದಿಯಲ್ಲಿ ಕೂತು ಹೊಟ್ಟೆನೋವು ಅಂದಳು. ಪರದೆಯ ಒಳಗೆ ಕರೆದು ರಿಜಿಸ್ಟರು ಬಿಚ್ಚಿದೆ. ಅವಳ ಮುಖ ಬಿಳಿಚಿಕೊಂಡಿತು.

"ಹೆಸರು ಬೇಡ ಅಕ್ಕ. ಗೊತ್ತಾದ್ರೆ ಕಳಸದಿಂದ ನನ್ ಮೈದುನ ಬಂದು ಮಗೂನ ಕರ್ಕೊಂಡು ಹೋಗ್ತಾನೆ. ಅವಳು ಬಿಟ್ರೆ ನಂಗೆ ಯಾರಿದಾರೆ?"

ಯಾರೂ ನೋಡುವುದಿಲ್ಲ, ಬೀಗ ಇದೆ, ಕಾನೂನು ಇದೆ ಎಂದು ನಾನು ಪಾಠ ಒಪ್ಪಿಸಿದೆ. ಅವಳ ಹೆಸರು ಬರೆದೆ, ಸತ್ತ ಗಂಡನ ಹೆಸರು ಬರೆದೆ. ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಬೇಕಿತ್ತು. ಶಾಯಿ ತರಲು ಪರದೆ ಸರಿಸಿದಾಗ ಜಗಲಿಯ ಮೂರು ಗಂಡಸರೂ ಇತ್ತಲೇ ನೋಡುತ್ತಿದ್ದರು. ಅವಳೂ ಅದನ್ನು ಕಂಡಳು. ನಾನು ಶಾಯಿ ತರುವಷ್ಟರಲ್ಲಿ ಹಿಂಬಾಗಿಲಿನಿಂದ ಹೋಗಿಬಿಟ್ಟಿದ್ದಳು.

ಹಿಂದೆಯೇ ಓಡಬೇಕಿತ್ತು. ಓಡಲಿಲ್ಲ. ನಾನು ಅವಳ ಮನೆಗೆ ಹೋದರೆ ಗುಟ್ಟು ಒಡೆಯುತ್ತದೆ ಎಂದು ನೆಪ ಹೇಳಿಕೊಂಡು ಕೂತೆ. ಅವಳು ಯಾವುದೋ ಹಳ್ಳಿಯ ಮುದುಕಿಯ ಹತ್ತಿರ ನಾಟಿ ಮದ್ದು ಮಾಡಿಸಿಕೊಂಡಳಂತೆ. ನಂಜೇರಿ ನಾಲ್ಕೇ ದಿನದಲ್ಲಿ ತೀರಿಕೊಂಡಳು. ರೌಶನ್ ಬೀ ಎಲ್ಲರಿಗೂ ಜ್ವರ ಎಂದು ಹೇಳಿದಳು. ಆದರೆ ಆ ಮೂವರು ಪೇಟೆಗೆಲ್ಲ ಬೇರೆಯೇ ಹೇಳಿದ್ದರು.

ನಲವತ್ತನೇ ದಿನದ ಕಾರ್ಯ ಮುಗಿದ ಮೇಲೆ ರೌಶನ್ ಬೀ ನಮ್ಮ ಜಗಲಿಗೆ ಬಂದಳು. ಜೊತೆಗೆ ಕಳಸದ ಮೈದುನ ಇನಾಯತುಲ್ಲಾ, ಮಗು. ಅವನು ಕೆಟ್ಟವನಲ್ಲ. ನಿಂತೇ ಮಾತಾಡಿದ, ಮೆತ್ತಗೆ.

"ಪೇಟೇಲಿ ಏನೇನೋ ಹೇಳ್ತಾರೆ ವಿಮಲಮ್ಮನವ್ರೇ. ನಿಜ ಆದ್ರೆ ನಮ್ ಮನೆ ಮಗು ಈ ಊರಲ್ಲಿ ಬೆಳೆಯೋದು ಬೇಡ. ಜ್ವರಕ್ಕೆ ಬಂದಿದ್ಲು ಅಂತ ನೀವೊಂದ್ಸಲ ಹೇಳಿ ಸಾಕು. ನಾನು ನಂಬ್ತೀನಿ, ಮಗು ಅಜ್ಜಿ ಹತ್ರಾನೇ ಇರ್ಲಿ."

ರೌಶನ್ ಬೀ ನನ್ನ ಬಾಯನ್ನೇ ನೋಡುತ್ತಿದ್ದಳು. ಜ್ವರ. ಎರಡಕ್ಷರ. ಇವಳು ಬಸಿರು ತೆಗೆಸಲು ಬಂದವಳಲ್ಲ ಎಂದು ಇವತ್ತು ಹೇಳಿದರೆ, ನಾಳೆ ಇನ್ನೊಬ್ಬಳ ಬಗ್ಗೆ ಸುಮ್ಮನಿದ್ದಾಗ ಹೌದು ಎಂದೇ ಆಗುತ್ತದಲ್ಲ ಎಂದು ನಾನು ಯೋಚಿಸಿದೆ. ಯಾವ ನಾಳೆ? ಡಾಕ್ಟರು ಆಗಲೇ ಬೇರೆ ಊರಲ್ಲಿ ಕೆಲಸ ನೋಡಿಕೊಂಡಿದ್ದರು, ಬಾಗಿಲು ಹಾಕುವ ದಿನವೂ ಗೊತ್ತಾಗಿತ್ತು. ಆದರೂ ನನ್ನ ಹಟ ನನಗೆ.

"ಯಾರು ಬಂದ್ರು, ಯಾತಕ್ಕೆ ಬಂದ್ರು ಅಂತ ಹೇಳೋ ಹಾಗಿಲ್ಲ," ಅಂದೆ. "ಹೌದು ಅನ್ನೋ ಹಾಗೂ ಇಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ."

ಈ ವಿಮಲಮ್ಮ ಮೂಡಿಗೆರೆಯ ಯಾವ ಜ್ವರವನ್ನೂ ಯಾವತ್ತೂ ಮುಚ್ಚಿಟ್ಟವಳಲ್ಲ ಎಂದು ಇನಾಯತುಲ್ಲಾನಿಗೂ ಗೊತ್ತಿತ್ತು. "ಆಯ್ತಮ್ಮ, ಗೊತ್ತಾಯ್ತು," ಎಂದು ಜೊಹರಾಳನ್ನು ಎತ್ತಿಕೊಂಡ.

ಅವನು ಮೆಟ್ಟಿಲಿಳಿದ ಮೇಲೆ ರೌಶನ್ ಬೀ ನನ್ನ ಕೈ ಹಿಡಿದಳು.

"ಒಂದು ಸುಳ್ಳು ಹೇಳೋಕೂ ಆಗ್ಲಿಲ್ವಾ ನಿಮಗೆ?"

ಅವಳು ಕೈ ಬಿಟ್ಟು ಅವರ ಹಿಂದೆ ಓಡಿದಳು. ಕಳಸದ ಬಸ್ಸು ಹೊರಡುವವರೆಗೂ ಮಗು ಅಜ್ಜಿಯನ್ನು ಕರೆಯುತ್ತಲೇ ಇತ್ತು.